ಸಗೀರಾ ಮಾಡಿದ ಎರಡು ಅನುವಾದ

ಮುದ್ದೇಬಿಹಾಳದಲ್ಲಿ ಯಾರ ಕೈಗೆ ಇಂಗ್ಲಿಷಿನ ಕಾಗದ ಬಂದರೂ ಅದು ಊಟದ ಹೊತ್ತಿನೊಳಗೆ ಸಗೀರಾಳ ಮೇಜಿನ ಮೇಲೆ ಬಂದು ಬೀಳುತ್ತದೆ. ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಝೆರಾಕ್ಸ್ ಅಂಗಡಿ, ಒಂದು ಚಹಾದಂಗಡಿ, ಅವೆರಡರ ನಡುವೆ ಒಬ್ಬರು ಹೊರಗೆ ಬಂದ ಮೇಲೆಯೇ ಇನ್ನೊಬ್ಬರು ಒಳಗೆ ಹೋಗಬಹುದಾದಷ್ಟು ಜಾಗ. ಅಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬೆನ್ನು ಹರಿದ ಎರಡು ಡಿಕ್ಷನರಿ ಮತ್ತು ಸಗೀರಾ. ಇಂಡಿ ತಾಲೂಕಿನ ವಕೀಲರು ಹಳೆಯ ತೀರ್ಪುಗಳನ್ನು ಕಳಿಸುತ್ತಾರೆ. ಸಿಂದಗಿಯಿಂದ ದುಬೈಗೆ ಹೊರಟವರು ಮದುವೆಯ ದಾಖಲೆ ತರುತ್ತಾರೆ. ಬಸವನಬಾಗೇವಾಡಿಯ ಅಣ್ಣತಮ್ಮಂದಿರು ಒಂದೇ ಆಸ್ತಿಪತ್ರವನ್ನು ಬೇರೆ ಬೇರೆ ದಿನ ತಂದು, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಅನುವಾದ ಮಾಡಿಸಿಕೊಂಡು ಹೋಗುತ್ತಾರೆ.

ಅವಳ ತಂದೆ ಇಬ್ರಾಹಿಂಸಾಬರು ಮೂವತ್ತೈದು ವರ್ಷ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದವರು. ಕನ್ನೊಳ್ಳಿಗೆ ಮದುವೆಯಾಗಿ ಹೋಗಿದ್ದ ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಅವರು ಸಮಾಧಾನದ ಮಾತು ಹೇಳಲಿಲ್ಲ. ಮರದ ಕೆಳಗೆ ಇನ್ನೊಂದು ಕುರ್ಚಿ ಹಾಕಿಸಿದರು. ಹಾಗಾಗಿ ಸಗೀರಾ ಇಂಗ್ಲಿಷ್ ಕಲಿತದ್ದು ಅರ್ಜಿ, ಕರಾರು, ಖರೀದಿಪತ್ರಗಳಿಂದ. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಒಮ್ಮೆಯೂ ನಕ್ಕದ್ದಿಲ್ಲ. ಅದರಲ್ಲಿ ಜನ ಹುಟ್ಟುತ್ತಿದ್ದರು, ಹೊಲ ಮಾರುತ್ತಿದ್ದರು, ಪಾಲು ಕೇಳುತ್ತಿದ್ದರು, ಸಾಯುತ್ತಿದ್ದರು. ಉಣ್ಣುತ್ತಿರಲಿಲ್ಲ.

ತಂದೆ ಅವಳಿಗೆ ಹೇಳಿಕೊಟ್ಟ ನಿಯಮ ಒಂದೇ. "ಬರದವನ ತಪ್ಪು ಬರದವಂದು. ನಾವು ಇದ್ದದ್ದು ಇದ್ದಂಗ ಬರಿಯೂದು, ಸಿಕ್ಕಾ ಹೊಡಿಯೂದು." ಸಗೀರಾ ಇಪ್ಪತ್ತೆರಡು ವರ್ಷ ಇದ್ದದ್ದನ್ನು ಇದ್ದ ಹಾಗೆ ಬರೆದು, 'ಇದು ಮೂಲದ ಯಥಾವತ್ ಅನುವಾದ' ಎಂಬ ಸಿಕ್ಕಾ ಒತ್ತಿದಳು. ಒಂದು ಕಾಗದವೂ ತಿರುಗಿ ಬಂದಿರಲಿಲ್ಲ.

ಹೋದ ವರ್ಷ ಬೇಸಿಗೆಗೆ ಮುಂಚೆ ಸರ್ಕಾರದ ಯಾವುದೋ ಮೇಜಿನಿಂದ ಒಂದು ಆದೇಶ ಹೊರಟಿತು. ಪ್ರತಿ ತಾಲೂಕಿನಲ್ಲಿ ಒಳ್ಳೆಯ ಊಟ ಕೊಡುವ ಒಂದು ಸ್ಥಳವನ್ನು ಗುರುತಿಸಿ ಅದಕ್ಕೆ 'ತಾಲೂಕಿನ ಹೆಮ್ಮೆಯ ಊಟ' ಎಂಬ ಫಲಕ ಕೊಡಬೇಕು. ಅದಕ್ಕಾಗಿ ಖಾದ್ಯ ಗೌರವ ಸಮಿತಿ ರಚನೆಯಾಯಿತು. ಅಧ್ಯಕ್ಷರು ಅನಿಲಕುಮಾರ ಸಾಹೇಬರು. ಇಂಡಿಯಿಂದ ವರ್ಗವಾಗಿ ಬಂದ ಅಧಿಕಾರಿ, ಏನೇ ಓದಿದರೂ ಕೆಂಪು ಪೆನ್ನಿನಿಂದ ಗೆರೆ ಎಳೆಯುವವರು. ಸಮಿತಿಯಲ್ಲಿ ಒಬ್ಬ ವ್ಯಾಪಾರಸ್ಥರಿರಬೇಕು ಎಂದು ನಿಯಮವಿದ್ದುದರಿಂದ ಅರಿವೆ ಅಂಗಡಿಯ ಬಾಬುಲಾಲರನ್ನು ಹಾಕಿದರು. ಮೂರನೆಯ ಸದಸ್ಯರು ಒಂದು ಸಭೆಗೂ ಬರಲಿಲ್ಲವಾದ್ದರಿಂದ ಅವರ ಹೆಸರು ಇಲ್ಲಿ ಬೇಡ.

ಊರಿನ ಜನ ಒಂದೇ ಬಾಯಿಂದ ಸೂಚಿಸಿದ್ದು ಬಸ್ ಸ್ಟ್ಯಾಂಡಿನ ಹಿಂದಿರುವ ಯಲ್ಲವ್ವನ ಖಾನಾವಳಿಯನ್ನು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು. ಎಪಿಎಂಸಿಯ ಹಮಾಲರು, ಬಸ್ಸಿನ ಡ್ರೈವರುಗಳು, ಕಾಲೇಜಿನ ಮಾಸ್ತರರು ಎಲ್ಲರೂ ಅಲ್ಲೇ. ಸಗೀರಾ ಕೂಡ ಹನ್ನೆರಡು ವರ್ಷದಿಂದ ಮಧ್ಯಾಹ್ನ ಅಲ್ಲಿಯೇ ಉಣ್ಣುತ್ತಿದ್ದಳು.

ಜನ ಹೇಳಿದರೆ ಸಾಲದು, ಲಿಖಿತ ಪುರಾವೆ ಬೇಕು ಎಂದರು ಅನಿಲಕುಮಾರ ಸಾಹೇಬರು. ಅದೂ ಇತ್ತು. ಹಿಂದಿನ ಚಳಿಗಾಲದಲ್ಲಿ ಹ್ಯಾರಿಯೆಟ್ ಎಂಬ ಇಂಗ್ಲೆಂಡಿನ ಹುಡುಗಿ ಸೈಕಲ್ಲಿನ ಮೇಲೆ ದೇಶ ನೋಡುತ್ತ ಬಂದು, ಊರ ಹತ್ತಿರ ಟಾಯರ್ ಒಡೆದು, ಎರಡು ದಿನ ಯಲ್ಲವ್ವನ ಕಡೆ ಉಂಡು ಹೋಗಿದ್ದಳು. ಆಮೇಲೆ ತನ್ನ ಪ್ರವಾಸದ ಪುಟದಲ್ಲಿ ಖಾನಾವಳಿಯ ಬಗ್ಗೆ ಬರೆದಿದ್ದಳು. ಯಾರೋ ಅದನ್ನು ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿದರು. ಸಮಿತಿಯ ಕಡತ ಕನ್ನಡದಲ್ಲಿರಬೇಕು. ಕಾಗದ ಸಗೀರಾಳ ಮೇಜಿಗೆ ಬಂತು.

ಅವಳು ಅದನ್ನು ಓದಿದಾಗ ಸ್ವಲ್ಪ ಗಾಬರಿಯಾದದ್ದು ನಿಜ. ಮೊದಲ ಸಾಲಿನಲ್ಲೇ 'ಹ್ಯಾಂಗ್ರಿ' ಎಂಬ ಶಬ್ದವಿತ್ತು. ಎರಡೂ ಡಿಕ್ಷನರಿಯಲ್ಲಿ ಸಿಗಲಿಲ್ಲ. 'ಆಂಗ್ರಿ' ಬರೆಯಲು ಹೋಗಿ ಒಂದಕ್ಷರ ಹೆಚ್ಚಾಗಿದೆ ಎಂದುಕೊಂಡಳು. 'ಮೋರಿಶ್' ಎಂಬ ಇನ್ನೊಂದು ಶಬ್ದವೂ ಸಿಗಲಿಲ್ಲ. ಸಿಗದ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಇದ್ದ ಹಾಗೆ ಇಡಬೇಕೆಂಬುದು ತಂದೆಯ ಕಾಲದ ಪದ್ಧತಿ. ಉಳಿದದ್ದೆಲ್ಲ ಸಣ್ಣ ಸಣ್ಣ ಶಬ್ದಗಳು, ಮೂರನೆಯ ಇಯತ್ತೆಯ ಮಕ್ಕಳಿಗೂ ಬರುವಂಥವು. ಚಹಾ ಆರುವುದರೊಳಗೆ ಅನುವಾದ ಮುಗಿಯಿತು.

'ಅಲ್ಲಿಗೆ ಬಂದಾಗ ನಾನು ಕೋಪಗೊಂಡಿದ್ದೆ. ಇಲ್ಲಿಯ ಬದನೆಕಾಯಿ ಸಾಯುವುದಕ್ಕಾಗಿ ಇದೆ. ಕೆಂಪು ಚಟ್ನಿ ಕೊಲೆಗಾರ. ಶೇಂಗಾದ ಪುಡಿ ಮೋರಿಶ್ ಆಗಿದೆ. ನಾನು ಹೊರಗೆ ಹಂದಿಯಾದೆ. ನನ್ನ ಕಣ್ಣುಗಳು ಹೊಟ್ಟೆಗಿಂತ ದೊಡ್ಡವಾದವು. ಆಮೇಲೆ ಆಹಾರದ ಕೋಮಾದಲ್ಲಿ ಮೂರು ತಾಸು ಬಿದ್ದಿದ್ದೆ.'

ಸಗೀರಾ ಸಿಕ್ಕಾ ಒತ್ತಿದಳು. ಕಾಗದ ಕಳಿಸಿ, ಎಂದಿನಂತೆ ಯಲ್ಲವ್ವನ ಕಡೆ ಹೋಗಿ ಎರಡು ರೊಟ್ಟಿ ಉಂಡು ಬಂದಳು.

ಸಮಿತಿಯ ಸಭೆಯಲ್ಲಿ ಅನಿಲಕುಮಾರ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಕೆಂಪು ಪೆನ್ನು ಮೊದಲು 'ಕೊಲೆಗಾರ'ದ ಕೆಳಗೆ, ಆಮೇಲೆ 'ಕೋಮಾ'ದ ಕೆಳಗೆ, ಕೊನೆಗೆ ಎಲ್ಲದರ ಕೆಳಗೂ ಓಡಾಡಿತು.

"ಮೋರಿಶ್ ಅಂದ್ರ ಏನ್ರಿ?" ಎಂದು ಕೇಳಿದರು.

ಬಾಬುಲಾಲರು ಸ್ವಲ್ಪ ಯೋಚಿಸಿದರು. "ಮೋರಿ ನೀರಿನ ವಿಷಯ ಇರಬೇಕ್ರಿ ಸಾಹೇಬ್ರ. ಖಾನಾವಳಿ ಬಾಜೂಕ ಒಂದು ಮೋರಿ ಐತಿ."

"ಪರದೇಶದ ಹೆಣ್ಣಮಗಳು ಕೋಮಾಕ್ಕ ಹೋಗ್ಯಾಳ. ಕಣ್ಣು ಊದ್ಯಾವ. ನಾಳೆ ಆಕಿ ಸರ್ಕಾರ ಕೇಳಿದ್ರ ಉತ್ತರ ಯಾರು ಕೊಡೋರು?"

ಬಾಬುಲಾಲರು ಆ ವಾರವೇ ಮೂರು ಸಲ ಯಲ್ಲವ್ವನ ರಂಜಕ ತಿಂದಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಏನೂ ಆದಂತಿರಲಿಲ್ಲ, ಆದರೂ ಕಡತದಲ್ಲಿರುವುದು ಹೊಟ್ಟೆಯಲ್ಲಿರುವುದಕ್ಕಿಂತ ಹೆಚ್ಚು ನಂಬಬೇಕಾದದ್ದು ಎಂದುಕೊಂಡರು. ಅದೇ ಸಂಜೆ ಖಾನಾವಳಿಯ ಬಾಗಿಲಿಗೆ 'ಮುಂದಿನ ಆದೇಶದವರೆಗೆ ಊಟ ನೀಡತಕ್ಕದ್ದಲ್ಲ' ಎಂಬ ಕಾಗದ ಅಂಟಿತು. ಫಲಕ ಕೊಡುವ ಸಮಿತಿಗೆ ಬಾಗಿಲು ಹಾಕಿಸುವ ಅಧಿಕಾರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕಾಗದದ ಮೇಲೆ ಮೊಹರಿತ್ತು, ಮೊಹರು ದುಂಡಗಿತ್ತು.

ಮರುದಿನ ಮಧ್ಯಾಹ್ನ ಸಗೀರಾ ಊಟಕ್ಕೆ ಹೋದಾಗಲೇ ಅವಳಿಗೆ ವಿಷಯ ತಿಳಿದದ್ದು. ಕಾಗದ ಓದಿದಳು. ಕೆಳಗೆ ಕಾರಣಗಳೆಂದು ಕೊಟ್ಟದ್ದು ಅವಳದೇ ವಾಕ್ಯಗಳು. ಊಟ ಮಾಡದೆ ಅಂಗಡಿಗೆ ತಿರುಗಿ ಬಂದು, ಬಹಳ ಹೊತ್ತು ಕುಳಿತು, ಪ್ರವಾಸದ ಪುಟದಲ್ಲಿದ್ದ ವಿಳಾಸಕ್ಕೆ ಹ್ಯಾರಿಯೆಟ್‌ಳಿಗೆ ಒಂದು ಇಮೇಲ್ ಬರೆದಳು. ತನಗೆ ಬರುತ್ತಿದ್ದ ಇಂಗ್ಲಿಷಿನಲ್ಲೇ ಬರೆದಳು: ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಸದರಿ ಕೋಮಾದ ಸಲುವಾಗಿ ಯಾವ ಆಸ್ಪತ್ರೆಗೆ ದಾಖಲಾಗಿದ್ದಿರಿ ಎಂಬುದನ್ನು ದಿನಾಂಕ ಸಹಿತ ತಿಳಿಸಬೇಕು.

ಎರಡು ದಿನಕ್ಕೆ ಉತ್ತರ ಬಂತು. ಆಸ್ಪತ್ರೆಯ ಮಾತೇ ಇಲ್ಲ. ಬದಲಿಗೆ 'ಐ ಸ್ಕಾಫ್ಡ್ ದ ಲಾಟ್' ಎಂದಿತ್ತು. ಸ್ಕಾಫ್ ಎಂದರೆ ಹೀಯಾಳಿಸು ಎಂದಿತು ಡಿಕ್ಷನರಿ. ಕೊನೆಯಲ್ಲಿ, ತಾನು ಈ ಕ್ಷಣ ಇನ್ನೊಂದು ರೊಟ್ಟಿಯನ್ನು ಮರ್ಡರ್ ಮಾಡಬಲ್ಲೆ ಎಂದು ಬರೆದಿದ್ದಳು. ಕಡತದಲ್ಲಿ ಕೊಲೆಗಾರ ಚಟ್ನಿ ಮೊದಲೇ ಇತ್ತು, ಈಗ ಕೊಲೆಯೂ ಬಂತು. ಸಗೀರಾ ಆ ಇಮೇಲನ್ನು ಯಾರಿಗೂ ತೋರಿಸಲಿಲ್ಲ.

ಇಮೇಲಿನ ಕೆಳಗೆ ಹ್ಯಾರಿಯೆಟ್ ತನ್ನ ನಂಬರು ಕೊಟ್ಟಿದ್ದಳು; ಫೋನ್ ಮಾಡುವುದೊಂದೇ ದಾರಿ ಎನಿಸಿತು. ಇಂಗ್ಲಿಷ್ ಬರೆದವಳೇ ಹೊರತು ಅವಳು ಎಂದೂ ಯಾರ ಜೊತೆಗೂ ಅದನ್ನು ಮಾತಾಡಿದವಳಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು, ಕೇಳಬೇಕಾದ್ದನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡು ಕರೆ ಮಾಡಿದಳು. ಅವಳು ಕೋಮಾದ ಬಗ್ಗೆ ಕೇಳಿದಾಗ ಆ ಹುಡುಗಿ ನಕ್ಕಳು. ಖಾನಾವಳಿ ಮುಚ್ಚಿದೆ ಎಂದಾಗ ನಗು ನಿಂತಿತು.

ನಾನು ಹೊಗಳಿದ್ದೆನಲ್ಲ, ಎಂದಳು ಹ್ಯಾರಿಯೆಟ್.

ಹಾಗಾದರೆ ಹಾಗೆಯೇ ಏಕೆ ಬರೆಯಲಿಲ್ಲ, ಎಂದು ಸಗೀರಾ ಕೇಳಿದಳು.

ಹಾಗೆ ಬರೆದರೆ ಯಾರು ಓದುತ್ತಾರೆ, ಎಂದು ಉತ್ತರ ಬಂತು.

ಮುಕ್ಕಾಲು ತಾಸು ಇಬ್ಬರೂ ಒಂದೊಂದೇ ಶಬ್ದ ಹಿಡಿದು ಕುಳಿತರು. ಹ್ಯಾಂಗ್ರಿ ಅಚ್ಚಿನ ತಪ್ಪಲ್ಲ; ಹಸಿವನ್ನೂ ಸಿಟ್ಟನ್ನೂ ಕೂಡಿಸಿ ಕಟ್ಟಿದ ಶಬ್ದ. ಮೋರಿಶ್ ಎಂದರೆ 'ಮೋರ್' ಎಂಬುದಕ್ಕೆ ಬಾಲ ಹಚ್ಚಿದ್ದು, ಇನ್ನಷ್ಟು ಬೇಕೆನಿಸುವ ರುಚಿ. ಹಂದಿಯಾಗುವುದು ಎಂದರೆ ಹೊಟ್ಟೆ ಬಿರಿಯುವಂತೆ ತಿನ್ನುವುದು; ಹಂದಿ ಬರೀ ಮಾತಿನಲ್ಲಿತ್ತು. ಕೋಮಾ ಎಂದರೆ ಉಂಡ ಮೇಲಿನ ತೂಕಡಿಕೆ. ಸ್ಕಾಫ್ ಮಾಡಿದ್ದು ಎಂದರೆ ತಾಟು ಖಾಲಿ ಮಾಡಿದ್ದು. ಮರ್ಡರ್ ಎಂದರೆ ಬಾಯಲ್ಲಿ ನೀರೂರಿದ್ದು. ಸಾಯುವುದು, ಕೊಲ್ಲುವುದು, ಮೂರ್ಛೆ ಹೋಗುವುದು ಎಲ್ಲ ಸಂತೋಷಕ್ಕೆ. ಇಷ್ಟು ವರ್ಷ ಈ ಭಾಷೆಯ ಮನೆಯಲ್ಲಿ ಬರೀ ಪಡಸಾಲೆಯಲ್ಲಿ ಕುಳಿತು ಎದ್ದು ಬಂದಿದ್ದೇನೆ, ಅಡುಗೆಮನೆಗೆ ಯಾರೂ ಕರೆದಿರಲಿಲ್ಲ ಎಂದು ಅವಳಿಗೆ ಅನಿಸಿತು.

ಅಂದೇ ಹೊಸ ಅನುವಾದ ಬರೆದು ತಂದೆಗೆ ತೋರಿಸಿದಳು. ಇಬ್ರಾಹಿಂಸಾಬರು ಕನ್ನಡಕ ಹಾಕಿಕೊಂಡು ಓದಿದರು. ಬದನೆಕಾಯಿ ಅತ್ಯಂತ ರುಚಿಕರ. ಚಟ್ನಿ ಅತ್ಯಂತ ರುಚಿಕರ. ಶೇಂಗಾದ ಪುಡಿಯೂ ಅತ್ಯಂತ ರುಚಿಕರ.

"ಇದು ಸರ್ಕಾರಿ ಸರ್ಟಿಫಿಕೇಟ್ ಆತಲ್ಲ ಬೇಟಿ," ಎಂದರು. "ಆ ಹುಡುಗಿ ಎಲ್ಲಿ ಹೋದ್ಲು?"

"ನೀವ ಹೇಳಿದ್ರೆಲ್ಲ ಅಬ್ಬಾ, ಇದ್ದದ್ದು ಇದ್ದಂಗ ಬರಿ ಅಂತ."

"ಹೊಲಾ ಖರೀದಿ ಪತ್ರಕ್ಕ ಹೇಳಿದ್ದೆ. ಊಟಕ್ಕ ಹೇಳಿದ್ನೇನು?"

ಮರುದಿನ ಅವಳು ಖಾನಾವಳಿಗೆ ಹೋದಳು. ಮುಂಬಾಗಿಲು ಹಾಕಿತ್ತು. ಹಿತ್ತಲಲ್ಲಿ ಯಲ್ಲವ್ವ ತನಗೊಬ್ಬಳಿಗೆ ರೊಟ್ಟಿ ಬಡಿಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಕೈ. ಎರಡೇ ರೊಟ್ಟಿಗೆ ಹಿಟ್ಟು ಹದಕ್ಕೆ ಬರುತ್ತಿಲ್ಲ ಎಂದು ಗೊಣಗುತ್ತಿದ್ದಳು.

"ಬಾ ತಂಗಿ, ಕೂಡು. ಆ ಸೈಕಲ್ ಹುಡುಗಿ ಏನೋ ಇಂಗ್ಲಿಷ್ನ್ಯಾಗ ಬರದಾಳಂತ, ನನ್ನ ಪಲ್ಯಾ ತಿಂದು ಸಾಯಾಕತ್ತಿದ್ಲಂತ. ಹೋಗೂಮುಂದ ನನ್ನ ತೆಕ್ಕಿ ಬಡದು ಹೋಗಿದ್ಲಲ್ಲ."

"ಆಕಿ ಛಲೋನ ಬರದಿದ್ಲು ಯಲ್ಲಕ್ಕಾ. ಅದನ್ನ ಕನ್ನಡಕ್ಕ ತಂದಾಕಿ ನಾನು. ತಪ್ಪು ನಂದು."

ಯಲ್ಲವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ನೀ ಬರದಿ?"

"ಹೌದು."

"ಹನ್ನೆರಡು ವರ್ಷ ಇಲ್ಲೇ ಉಂಡಿ. ನೀ ಎಂದರ ಕೋಮಾಕ್ಕ ಹೋಗಿದ್ದೇನು?"

ಸಗೀರಾ ಇಲ್ಲವೆಂದು ತಲೆಯಾಡಿಸಿದಳು.

"ಒಂದು ಕಾಗದಾ ಕಂಡ ಕೂಡ್ಲೆ ನಿನ್ನ ನಾಲಿಗಿನ ಮರತೆಲ್ಲ," ಎಂದಳು ಯಲ್ಲವ್ವ. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು ಎಂದು ಸಗೀರಾ ಆಮೇಲೆ ತಂದೆಯ ಮುಂದೆ ಹೇಳಿದಳು.

ಅವಳು ಎದ್ದು ಹೋಗಲಿಲ್ಲ. ಆ ದಿನ, ಅದರ ಮರುದಿನ, ಮತ್ತೂ ಒಂದು ದಿನ ಮಧ್ಯಾಹ್ನದ ಹೊತ್ತು ಖಾನಾವಳಿಯ ಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕುಳಿತಳು. ಮುಚ್ಚಿದ್ದು ಗೊತ್ತಿದ್ದೂ ಜನ ಕಾಲಿನ ರೂಢಿಗೆ ಅಲ್ಲಿಗೇ ಬರುತ್ತಿದ್ದರು. ಬಾಗಿಲು ನೋಡಿ ಮಾತಾಡುತ್ತಿದ್ದರು. ಎಪಿಎಂಸಿಯ ಹಮಾಲ ದಿಲಾವರ ಕಟ್ಟೆಯ ಮೇಲೆ ಕುಸಿದು ಕುಳಿತು, "ಹಸದಾಗ ನಂಗ ಯಾರ ಮಾರಿ ನೋಡಿದ್ರೂ ಸಿಟ್ಟು ಬರ್ತೈತ್ರಿ. ಈಗ ನಿಮ್ಮ ಮಾರಿ ನೋಡಿದ್ರೂ ಬರಾಕತ್ತೈತಿ, ತಪ್ಪ ತಿಳೀಬ್ಯಾಡ್ರಿ," ಎಂದ. ಸಗೀರಾ ತಪ್ಪು ತಿಳಿಯಲಿಲ್ಲ. ಬರೆದುಕೊಂಡಳು. ಒಬ್ಬ ಕಂಡಕ್ಟರು ಬದನೆಕಾಯಿಯನ್ನು ನೆನೆದು, ಆ ಪಲ್ಯದ ಮೇಲೆ ತನ್ನ ಜೀವವೇ ಇತ್ತು ಎಂದ. ಇನ್ನೊಬ್ಬ ರಂಜಕವನ್ನು ಖತರ್ನಾಕ್ ಎಂದ, ಅದೂ ಕಣ್ಣು ಮುಚ್ಚಿಕೊಂಡು, ಪ್ರೀತಿಯಿಂದ. ಊರಿನ ಜನ ಇಷ್ಟು ವರ್ಷ ಅವಳ ಬೆಂಚಿನ ಪಕ್ಕದಲ್ಲೇ ಕುಳಿತು ಆ ಹುಡುಗಿಯ ಭಾಷೆಯನ್ನೇ ಆಡುತ್ತಿದ್ದರು. ಅವಳು ಕೇಳಿಸಿಕೊಂಡಿರಲಿಲ್ಲ. ಅವರಾರೂ ಸಿಕ್ಕಾ ಒತ್ತಿಸಿಕೊಳ್ಳಲು ಬಂದವರಲ್ಲವಲ್ಲ.

ಸಮಿತಿಯ ಮುಂದಿನ ಸಭೆಗೆ ಸಗೀರಾ ತಾನಾಗಿಯೇ ಹೋಗಿ ಎರಡನೆಯ ಅನುವಾದವನ್ನು ಮೇಜಿನ ಮೇಲಿಟ್ಟಳು. ಅನಿಲಕುಮಾರ ಸಾಹೇಬರು ಮೊದಲನೆಯದನ್ನು ಅದರ ಪಕ್ಕದಲ್ಲಿಟ್ಟರು.

"ಎರಡಕ್ಕೂ ನಿಮ್ಮದ ಸಿಕ್ಕಾ ಐತಿ ಮೇಡಂ. ಎರಡೂ ಯಥಾವತ್ ಹೆಂಗ ಆಗ್ತಾವು?"

"ಮೊದಲಿಂದು ಶಬ್ದಕ್ಕ ಯಥಾವತ್ ಐತ್ರಿ. ಎರಡನೇದು ಮಾತಿಗೆ."

"ಇಂಥಾ ವ್ಯತ್ಯಾಸ ನಮ್ಮ ನಮೂನೆದಾಗ ಇಲ್ಲ. ಓದ್ರಿ, ಏನೈತಿ ನೋಡೂಣು."

ಸಗೀರಾ ಓದಿದಳು. "ಬಂದಾಗ ಹಸಿವಿಗೆ ತಲಿ ಕೆಟ್ಟು ಎಲ್ಲಾರ ಮ್ಯಾಲೂ ಸಿಟ್ಟಿಗೆದ್ದಿದ್ದೆ. ಈ ಬದನಿಕಾಯಿ ಪಲ್ಯಾಕ್ಕ ಜೀವಾ ಕೊಡಬೇಕು. ಕೆಂಪು ಚಟ್ನಿ ಖತರ್ನಾಕ್ ಐತಿ."

"ಖತರ್ನಾಕ್ ಅಂದ್ರ ಮತ್ತ ಅಪಾಯಕಾರಿ ಅಂತನ ಆತಲ್ಲ," ಎಂದು ಸಾಹೇಬರು ಗೆರೆ ಎಳೆದರು.

"ಅಲ್ರಿ ಸಾಹೇಬ್ರ," ಎಂದರು ಬಾಬುಲಾಲರು. ಅವರು ಸಭೆಯಲ್ಲಿ ತಾವಾಗಿಯೇ ಬಾಯಿ ತೆರೆದದ್ದು ಅದೇ ಮೊದಲು. "ಮೊನ್ನೆ ನಿಮ್ಮ ಮಗಳ ಮದುವಿ ಸೀರಿ ನೋಡಿ ನೀವ ಖತರ್ನಾಕ್ ಬಣ್ಣ ಅಂದ್ರಿ. ನಾ ಅದನ್ನ ಹೊಗಳಿಕಿ ಅಂತ ತಿಳದು ಕಟ್ಟಿ ಕೊಟ್ಟೆ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. ಸಗೀರಾ ಮುಂದೆ ಓದಿದಳು. "ಶೇಂಗಾ ಹಿಂಡಿ ತಿಂದಷ್ಟೂ ಇನ್ನೊಂದೀಟು ಅನಸ್ತಿತ್ತು. ನಾಚಿಕಿ ಬಿಟ್ಟು ಮುಕ್ಕಿದೆ. ಹೊಟ್ಟಿ ಬ್ಯಾಡ ಅಂದ್ರೂ ಕಣ್ಣು ಬೇಕು ಅಂದ್ವು. ಆಮ್ಯಾಲ ಊಟದ ಅಮಲಿಗೆ ಮೂರು ತಾಸು ಎಚ್ಚರ ಇಲ್ಲದಂಗ ಮಲಗಿದ್ದೆ."

ಮಧ್ಯಾಹ್ನ ಒಂದೂವರೆಯಾಗಿತ್ತು. ಬಾಬುಲಾಲರು ಉಗುಳು ನುಂಗಿದ್ದು ಕೇಳಿಸಿತು.

ಆದರೆ ಕಡತಕ್ಕೆ ಬಾಯಲ್ಲಿ ನೀರೂರುವುದಿಲ್ಲ. ಒಮ್ಮೆ ಸಿಕ್ಕಾ ಬಿದ್ದ ಅನುವಾದ ಹಾಗೆಲ್ಲ ಸುಳ್ಳಾಗುವುದಿಲ್ಲ, ಅದನ್ನು ಮಾಡಿದವರೇ ಅದು ತಪ್ಪೆಂದು ಅಫಿಡವಿಟ್ ಮಾಡಿ ಕೊಡಬೇಕು, ಎಂದರು ಸಾಹೇಬರು. ಅದರ ಅರ್ಥ ಸಗೀರಾಳಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಒಂದು ಹಾಳೆ ಹೊರಗೆ ಬಿದ್ದರೆ ಅವಳ ಹಿಂದಿನ ಎಲ್ಲ ಹಾಳೆಗಳ ಮೇಲೂ ಬೆರಳು ತೋರಿಸಬಹುದು.

"ಕೊಡ್ತೇನ್ರಿ," ಎಂದಳು. "ನಿಮ್ಮ ನೋಟಿಸಿನ್ಯಾಗ ಕಾಯ್ದೆದ ಯಾವ ಕಲಂ ಅನ್ನೂದು ಬರದಿಲ್ಲ. ಫಲಕ ಕೊಡೂ ಸಮಿತಿ ಬಾಗಲಾ ಹೆಂಗ ಹಾಕಸ್ತೈತಿ ಅಂತ ನಾ ಕೇಳಬಹುದಿತ್ತು. ಅದನ್ನ ಕೇಳಾಕ ಬಂದಿಲ್ಲ. ನನ್ನ ತಪ್ಪು ಹೇಳಾಕ ಬಂದೇನಿ."

ಅನಿಲಕುಮಾರ ಸಾಹೇಬರು ನೋಟಿಸಿನ ಪ್ರತಿ ತೆಗೆದು ಹಿಂದೆ ಮುಂದೆ ನೋಡಿದರು. ಕಲಂ ಇರಲಿಲ್ಲ. ಆಮೇಲೆ ಅವರ ದನಿ ಬಹಳ ಸೌಮ್ಯವಾಯಿತು. ಸ್ಥಳ ಪರಿಶೀಲನೆ ಮಾಡಿಯೇ ಬಿಡೋಣ, ಈಗಲೇ, ಎಂದರು.

ಯಲ್ಲವ್ವನಿಗೆ ಅಡುಗೆಗೆ ಅರ್ಧ ತಾಸು ಸಾಕಾಯಿತು. ಪರಿಶೀಲನೆ ಮಧ್ಯಾಹ್ನ ಎರಡೂವರೆಗೆ ಆರಂಭವಾಗಿ ನಾಲ್ಕಕ್ಕೆ ಮುಗಿಯಿತು. ಸಾಹೇಬರು ಬದನೆಯನ್ನು ಮೂರು ಸಲ ಪರಿಶೀಲಿಸಿದರು. ಬೇಡ ಎಂದು ಕೈ ಅಡ್ಡ ಹಿಡಿದವರ ಕೈಮೇಲೆಯೇ ಯಲ್ಲವ್ವ ರೊಟ್ಟಿ ಹಾಕಿದಳು. ಆ ದಿನದ ನಡವಳಿಯ ಪುಸ್ತಕದಲ್ಲಿ ಸಾಹೇಬರು ಸ್ವಹಸ್ತದಿಂದ ಬರೆದದ್ದನ್ನು ಇಂದಿಗೂ ನೋಡಬಹುದು: 'ಸ್ಥಳ ಪರಿಶೀಲನೆಯ ತರುವಾಯ ಹಾಜರಿದ್ದ ಇಬ್ಬರೂ ಸದಸ್ಯರಿಗೆ, ಲಗತ್ತು ಎರಡರ ಕೊನೆಯ ವಾಕ್ಯದಲ್ಲಿ ಉಲ್ಲೇಖಿಸಿದ ಸ್ಥಿತಿ ಸಂಜೆ ಆರರವರೆಗೆ ಉಂಟಾಗಿದ್ದು, ಯಾವುದೇ ಹಾನಿ ಕಂಡುಬಂದಿರುವುದಿಲ್ಲ.'

ಬಾಗಿಲಿನ ಕಾಗದ ಹನ್ನೊಂದನೆಯ ದಿನ ಹೋಯಿತು. ಫಲಕ ಮಾತ್ರ ಯಲ್ಲವ್ವನಿಗೆ ಸಿಗಲಿಲ್ಲ. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿಯುತ್ತ ಬಂದಿತ್ತು, ಲಗತ್ತುಗಳಲ್ಲಿ ಗೊಂದಲವಿಲ್ಲದ ಅರ್ಜಿ ಒಂದೇ ಇತ್ತು. ಅದು ಹೊಸದಾಗಿ ತೆರೆದ ಒಂದು ಎಸಿ ಹೋಟೆಲಿನದು, ಅಲ್ಲಿ ರೊಟ್ಟಿ ಮಾಡುವುದಿಲ್ಲ. ಫಲಕ ತೂಗುಹಾಕುವ ಸಮಾರಂಭ ಮುಗಿದ ಮೇಲೆ ಸಾಹೇಬರೂ ಬಾಬುಲಾಲರೂ ಊಟಕ್ಕೆ ಬಸ್ ಸ್ಟ್ಯಾಂಡಿನ ಹಿಂದೆ ಹೋದರು.

ಸಗೀರಾಳ ಅಫಿಡವಿಟ್ ತನ್ನ ಕೆಲಸ ತಾನು ಮಾಡಿತು. ಇಂಡಿ ಕೋರ್ಟಿನಲ್ಲಿ ಒಬ್ಬ ವಕೀಲರು ಅದರ ಝೆರಾಕ್ಸ್ ಹಿಡಿದು, ಈ ಅನುವಾದಕಿ ತಪ್ಪು ಮಾಡುವವಳೆಂದು ಅವಳೇ ಒಪ್ಪಿದ್ದಾಳೆ ಎಂದು ವಾದಿಸಿದರು. ಕೆಲವು ತಿಂಗಳು ಕೆಲಸ ಕಡಿಮೆಯಾಯಿತು. ಆಮೇಲೆ ಚಡಚಣದ ಒಣದ್ರಾಕ್ಷಿ ವ್ಯಾಪಾರಿ ಅಮೀನುದ್ದೀನ ಹುಡುಕಿಕೊಂಡು ಬಂದ. ಪರದೇಶದ ಗಿರಾಕಿಗಳು ಅವನಿಗೆ ಏನೇನೋ ಬರೆಯುತ್ತಾರೆ, ಬೈದರೋ ಹೊಗಳಿದರೋ ತಿಳಿಯುವುದಿಲ್ಲ. "ಶಬ್ದ ಬಲ್ಲವ್ರು ನಮ್ಮ ಕಡೆ ಭಾಳ ಮಂದಿ ಅದಾರ್ರಿ," ಎಂದ. "ತಪ್ಪು ಒಪ್ಪಿಕೊಂಡವ್ರು ನೀವೊಬ್ರ ಅಂತ ಕೇಳಿ ಬಂದೆ." ಈಗ ಅವಳ ಮೇಜಿನ ಮೇಲೆ ಖರೀದಿಪತ್ರಗಳ ಜೊತೆಗೆ ದ್ರಾಕ್ಷಿಯ ಪತ್ರಗಳೂ ಇರುತ್ತವೆ.

ಈ ಮಳೆಗಾಲದಲ್ಲಿ ಒಂದು ದಿನ ಯಲ್ಲವ್ವ ಕೈ ಒರೆಸಿಕೊಂಡು ಅಂಗಡಿಗೆ ಬಂದಳು. ಆ ಹುಡುಗಿಗೆ ತನ್ನ ಕಡೆಯಿಂದ ನಾಲ್ಕು ಮಾತು ಬರೆ ಎಂದಳು.

"ಏನಂತ ಬರೀಲಿ?"

"ಮೊದಲ ಊಟ ಆತೇನಂತ ಕೇಳು. ಆಮ್ಯಾಲ, ನನ್ನವ್ವಾ, ಕಡ್ಡಿ ಆಗೀದಿ, ಸೈಕಲ್ ಮ್ಯಾಲಿಂದ ಗಾಳಿಗೆ ಹಾರಿ ಹೋಗ್ತಿ, ಬಂದು ತಿಂಗಳ ದಿನಾ ನನ್ನ ಕಡೆ ಇರು ಅಂತ ಬರಿ."

ಸಗೀರಾ ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಇಂಗ್ಲೆಂಡಿನಲ್ಲಿ ಆಗ ಬೆಳಗಿನ ಏಳು ಗಂಟೆ. ಊಟ ಆಯಿತೇ ಎಂದು ಕೇಳುವ ಹೊತ್ತಲ್ಲ. ಅರವತ್ತು ದಾಟಿದವಳು ಮೂವತ್ತರೊಳಗಿನವಳನ್ನು ತಾಯಿ ಎಂದು ಏಕೆ ಕರೆಯುತ್ತಾಳೆಂದು ಆ ಕಡೆ ಯಾರಿಗೆ ತಿಳಿಯಬೇಕು. ಡಿಕ್ಷನರಿ ತೆಗೆಯಲಿಲ್ಲ. ಒಂದು ಸಾಲು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಯಲ್ಲವ್ವ ಸ್ಟೂಲಿನ ಮೇಲೆ ಕುಳಿತು ಪರದೆಯನ್ನೇ ನೋಡುತ್ತಿದ್ದಳು.

"ಇಷ್ಟೊತ್ತು ಯಾಕ? ನಾ ಹೇಳಿದ್ದು ನಾಕ ಮಾತು."

"ತಡಿ ಯಲ್ಲಕ್ಕಾ," ಎಂದಳು ಸಗೀರಾ. "ನೀ ಹೇಳಿದಂಗ ಕೇಳಸಬೇಕಲ್ಲ ಆಕಿಗೆ."

ಹೊರಗೆ ಇಬ್ಬರು ವಕೀಲರು ತಮ್ಮ ಸರದಿಗೆ ಕಾಯುತ್ತ ನಿಂತಿದ್ದರು. ಅವರನ್ನು ಕಾಯಿಸಿ, ಮಧ್ಯಾಹ್ನದ ಬಿಡುವಿನವರೆಗೂ ಇಬ್ಬರು ಹೆಂಗಸರು ಆ ನಾಲ್ಕು ಮಾತುಗಳ ಮೇಲೆಯೇ ಕುಳಿತರು.